ಸೀಟಿ ಯಾರ ಕೊರಳಿಗೆ

ಲೆಂಪಿ ಓಯಾಲ ಮುದುಕ ಅಕ್ಸೆಲಿಯನ್ನು ಕೆಲಸದ ನಡುವೆ ಮನೆಗೆ ಕಳಿಸಿದಳಂತೆ ಎಂಬ ಸುದ್ದಿ ಮಧ್ಯಾಹ್ನದ ಕಾಫಿ ಆರುವ ಮೊದಲೇ ಗಿರಣಿಯ ಮೂಲೆ ಮೂಲೆಗೂ ಮುಟ್ಟಿತ್ತು. ದಿಮ್ಮಿ ಸುಲಿಯುವವರು ಅದನ್ನು ನಂಬಲೇ ಇಲ್ಲ. ಅಂಟು ಬಳಿಯುವವರು ನಂಬಿದರು, ಆದರೆ ನಕ್ಕುಬಿಟ್ಟರು. ಗಿರಣಿ ಕಟ್ಟಿದವನನ್ನೇ ಗಿರಣಿಯಿಂದ ಆಚೆ ಕಳಿಸುವುದೆಂದರೆ ಏನು ಹುಡುಗಾಟವೇ?

ನಡೆದದ್ದು ಇಷ್ಟು. ದಿಮ್ಮಿಯಿಂದ ಸುಲಿದ ಹಸಿ ಮರದ ಹಾಳೆಗಳು ಪ್ಲೈವುಡ್ ಆಗುವ ಮೊದಲು ಡ್ರೈಯರಿನೊಳಗೆ ಹಾದು ಒಣಗಬೇಕು. ಸಾಲುಮನೆಯಷ್ಟು ಉದ್ದದ ಯಂತ್ರ ಅದು. ಅದರ ಹೊಟ್ಟೆಯಲ್ಲಿ ಸದಾ ಕಾವು, ಅದರ ಬುಡದಲ್ಲಿ ಸದಾ ರಾಳ ಹತ್ತಿದ ಮರದ ಹುಡಿ. ಒಂದು ಕಿಡಿ ಬಿದ್ದರೆ ಗಿರಣಿಯೂ ಇಲ್ಲ, ಗಿರಣಿಯನ್ನು ನಂಬಿದ ಊರೂ ಇಲ್ಲ. ಅಲ್ಲಿ ಹೊಗೆ ಸೇದಬಾರದು ಎಂದು ಗೋಡೆಯ ಮೇಲೆ ಕಡಲು ದಾಟಿ ಬಂದ ಫಿನ್ನರ ಊರಾದ್ದರಿಂದ ಫಿನ್ನಿಶ್ ಭಾಷೆಯಲ್ಲೂ ಇಂಗ್ಲಿಷಿನಲ್ಲೂ ದಪ್ಪಕ್ಷರದಲ್ಲಿ ಬರೆದಿತ್ತು. ಅಕ್ಸೆಲಿ ತಕ್ಕಿನೆನ್‌ಗೆ ಎರಡೂ ಓದಲು ಬರುತ್ತಿತ್ತು. ಆದರೂ ಅವನು ಪೈಪನ್ನು ಹಲ್ಲಲ್ಲಿ ಕಚ್ಚಿಕೊಂಡು, ಹೊಗೆ ಬಿಡುತ್ತಲೇ ಹಾಳೆಗಳನ್ನು ಯಂತ್ರದ ಬಾಯಿಗೆ ತಳ್ಳುತ್ತಿದ್ದ. ಯಾರೂ ಏನೂ ಅನ್ನುತ್ತಿರಲಿಲ್ಲ. ಅಕ್ಸೆಲಿಗೆ ಅನ್ನುವುದುಂಟೇ?

"ಅಕ್ಸೆಲಿ ಮಾವ, ಪೈಪ್ ಆರ್ಸು," ಅಂದಳು ಲೆಂಪಿ. ಆ ಪಾಳಿಯ ಮೇಸ್ತ್ರಿ ಅವಳು. ಕೊರಳಲ್ಲಿ ಹಿತ್ತಾಳೆಯ ಸೀಟಿ ತೂಗುತ್ತಿತ್ತು.

"ತಾನಾಗೇ ಆರೋಗುತ್ತೆ ಬಿಡಮ್ಮಾ."

"ನೆನ್ನೇನೂ ಇದನ್ನೇ ಅಂದೆ. ಮೊನ್ನೇನೂ ಇದನ್ನೇ ಅಂದೆ. ಇವತ್ತು ಮನೆಗೆ ನಡಿ. ನಾಳೆ ಪೈಪ್ ಇಲ್ದೆ ಬಾ."

ಮುದುಕ ಟೋಪಿಯನ್ನು ಹಿಂದಕ್ಕೆ ತಳ್ಳಿ ಅವಳನ್ನೇ ನೋಡಿದ. "ಯಾರಿಗೆ ಹೇಳ್ತಿದೀಯಾ? ನಂಗಾ? ನಾನೂ ಒಬ್ಬ ಮಾಲೀಕ ಕಣಮ್ಮಾ!"

"ನಾನೂ ಮಾಲೀಕಳೇ ಮಾವ. ಇಲ್ಲಿ ನಿಂತಿರೋರೆಲ್ಲ ಮಾಲೀಕರೇ. ಬೆಂಕಿಗೆ ಮಾತ್ರ ಅದು ಗೊತ್ತಿಲ್ಲ."

ಅವಳು ಸೀಟಿ ಊದಿದಳು. ಹಾಳೆ ಸಾಗಿಸುವ ಪಟ್ಟಿ ನಿಂತಿತು. ಅಕ್ಸೆಲಿ ಊಟದ ಡಬ್ಬಿ ತೆಗೆದುಕೊಂಡು, ಟೋಪಿಯನ್ನು ಹಣೆಯವರೆಗೆ ಎಳೆದುಕೊಂಡು, ಯಾರ ಮುಖವನ್ನೂ ನೋಡದೆ ಹೊರಟುಹೋದ. ಹೋಗುವಾಗ ಒಂದೇ ಮಾತು ಅಂದ. "ಸಭೇಲಿ ಸಿಗ್ತೀನಿ."

ಪಟ್ಟಿ ಮತ್ತೆ ಓಡತೊಡಗಿದ ಮೇಲೂ ಲೆಂಪಿ ಸೀಟಿಯನ್ನು ಕೈಯಿಂದ ಬಿಡಲಿಲ್ಲ.

ಅಕ್ಸೆಲಿಯನ್ನು ಕಳಿಸುವುದು ಅವಳಿಗೇನೂ ಸುಲಭವಾಗಿರಲಿಲ್ಲ. ಕೊಲಂಬಿಯಾ ನದಿ ಸಮುದ್ರ ಸೇರುವ ಜಾಗದಲ್ಲಿ ಅವಳ ಗಂಡ ವಿಲ್ಯೊ ಮೀನಿಗೆ ಹೋದವನು ತಿರುಗಿ ಬರಲಿಲ್ಲ. ದೋಣಿ ಮಾತ್ರ ಬಂತು. ದಡದಲ್ಲಿ ಮಗುಚಿ ಮಲಗಿದ್ದ ಆ ದೋಣಿಯನ್ನು ದಿನಾ ಹೋಗಿ ನೋಡಿ ಬರುತ್ತಿದ್ದಳು. ಆಗ ಹಳೇ ಗಿರಣಿಯ ಧಣಿ ಬಾಗಿಲಿಗೆ ಬೀಗ ಜಡಿದು ಪೋರ್ಟ್‌ಲ್ಯಾಂಡಿಗೆ ಹೊರಟುಹೋಗಿದ್ದ, ಗಂಡಸರೆಲ್ಲ ಕೈಕಟ್ಟಿ ಕೂತಿದ್ದರು. ಅಕ್ಸೆಲಿ ಒಬ್ಬನೇ ಮನೆಮನೆಗೆ ಹೋಗಿ, ನಾವೇ ಒಂದು ಗಿರಣಿ ಕಟ್ಟೋಣ ಎಂದು ಹೇಳಿ ಬೈಸಿಕೊಂಡು ಬರುತ್ತಿದ್ದ. ಲೆಂಪಿಯ ಅಡುಗೆಮನೆಯಲ್ಲಿ ಕೂತು ಅವನು ಅಂದದ್ದು ಅವಳಿಗೆ ಇವತ್ತಿಗೂ ನೆನಪಿದೆ: "ದಡದಲ್ಲಿ ಬಿದ್ದಿದ್ರೆ ದೋಣಿ ಕೊಳೆಯುತ್ತೆ ತಾಯಿ. ಗಿರಣಿಗೆ ಹಾಕು. ವಿಲ್ಯೊ ಇನ್ನೊಂಥರಾ ದುಡೀತಾನೆ." ಅವಳು ದೋಣಿ ಮಾರಿ ಒಂದು ಪಾಲು ಕೊಂಡಳು. ಅವಳ ಪಾಲಿಗೆ ಆ ಗಿರಣಿಯ ತೊಲೆ ತೊಲೆಯಲ್ಲೂ ವಿಲ್ಯೊನ ದೋಣಿ ಇತ್ತು.

ಗಿರಣಿಗೊಂದು ಉದ್ದನೆಯ ಹೆಸರಿತ್ತು. ಅದು ಬೋರ್ಡಿನ ಮೇಲೆ ಮಾತ್ರ. ಊರವರೆಲ್ಲ ಅದನ್ನು ಕರೆಯುತ್ತಿದ್ದದ್ದು 'ನಮ್ದು' ಎಂದು. ಅಲ್ಲಿ ಕಸ ಗುಡಿಸುವವನಿಗೂ ದಿಮ್ಮಿ ಸುಲಿಯುವ ನುರಿತವನಿಗೂ ಒಂದೇ ಕೂಲಿ. ಅಧ್ಯಕ್ಷ ರಾಗ್ನರ್ ಹಗಲೆಲ್ಲ ಅಂಟು ಬಳಿದು ಸಂಜೆ ಮೊಣಕೈಯ ಅಂಟನ್ನು ಕೆರೆದುಕೊಳ್ಳುತ್ತಲೇ ಆಡಳಿತ ಮಂಡಳಿ ನಡೆಸುತ್ತಿದ್ದ. ಮಾಲು ಮಾರಲು ಸಂಬಳಕ್ಕೆ ಇಟ್ಟುಕೊಂಡ ಮ್ಯಾನೇಜರೊಬ್ಬನಿದ್ದ. ಇಡೀ ಗಿರಣಿಯಲ್ಲಿ ಟೈ ಕಟ್ಟುತ್ತಿದ್ದವನು ಅವನೊಬ್ಬ, ಇಡೀ ಗಿರಣಿಗೆ ಆಳೂ ಅವನೊಬ್ಬನೇ. ಪಾಪ, ಅವನು ದಿಮ್ಮಿ ಸಾಗಿಸುವವರನ್ನು ಕಂಡರೂ ಎದ್ದು ನಿಲ್ಲುತ್ತಿದ್ದ.

ಮಾಲೀಕರಾಗುವುದರಲ್ಲೇನೂ ಕಷ್ಟವಿರಲಿಲ್ಲ. ಮಾಲೀಕರ ಕೈಲಿ ಕೆಲಸ ಮಾಡಿಸುವುದಿದೆಯಲ್ಲ, ಅದು ಬೇರೆಯೇ ತಲೆನೋವು. ಪಾಳಿಗೊಬ್ಬ ಮೇಸ್ತ್ರಿಯನ್ನು ಆ ಪಾಳಿಯವರೇ ಆರಿಸಬೇಕು. ಕೂಲಿ ಅಷ್ಟೇ, ಬೈಗುಳ ಮಾತ್ರ ಹೆಚ್ಚು, ಹಾಗಾಗಿ ಯಾರಿಗೂ ಅದು ಬೇಡ. ಆರಿಸುವ ದಿನ ಲೆಂಪಿ ಹಲ್ಲು ಕೀಳಿಸಲು ಹೋಗಿದ್ದಳು. ಊದಿದ ಕೆನ್ನೆ ಹಿಡಿದುಕೊಂಡು ಬಂದರೆ ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದಾರೆ! ಬಾಯಿ ಬಿಡಲಾಗದಿದ್ದುದರಿಂದ ಬೇಡ ಅನ್ನಲೂ ಆಗಲಿಲ್ಲ. ಹಾಗೆ ಆದ ಮೇಸ್ತ್ರಿ, ಗಿರಣಿ ಕಂಡ ಒಳ್ಳೆಯ ಮೇಸ್ತ್ರಿಯೇ ಆದಳು. ಬೆಳಿಗ್ಗೆ ಎಲ್ಲರನ್ನೂ ನಿಲ್ಲಿಸಿಕೊಂಡು, ಇವತ್ತು ಯಾರಿಗೆ ಸೊಂಟನೋವು, ಯಾರಿಗೆ ಯಾರ ಮೇಲೆ ಮುನಿಸು ಎಂದು ಕೇಳುತ್ತಿದ್ದಳು. ಅದಕ್ಕೆ ತಕ್ಕಂತೆ ಜಾಗ ಹಂಚುತ್ತಿದ್ದಳು. ಬೇಸರದ ಕೆಲಸ ಎಲ್ಲರಿಗೂ ಸರದಿಯಲ್ಲಿ ಬರುತ್ತಿತ್ತು, ಅವಳಿಗೂ. ಅವಳ ಪಾಳಿಯಲ್ಲಿ ಹಾಳೆ ಹರಿದದ್ದು ಕಡಿಮೆ, ಬಾಯಿ ಹರಿದದ್ದು ಇನ್ನೂ ಕಡಿಮೆ.

ಮೇಸ್ತ್ರಿಯ ಮಾತು ಒಪ್ಪದವರು ಸಭೆಗೆ ದೂರು ಒಯ್ಯಬಹುದಿತ್ತು. ಮೊದಮೊದಲು ಎಲ್ಲರೂ ಎಲ್ಲವನ್ನೂ ಒಯ್ದರು. ಪೊರಕೆ ಎಲ್ಲಿಡಬೇಕೆಂಬುದಕ್ಕೂ ಮತ ಹಾಕಿದ್ದುಂಟು. ಆಗ ರೋಸಿಹೋದ ಅಕ್ಸೆಲಿಯೇ ಎದ್ದು ನಿಂತು ಒಂದು ಕಟ್ಟಳೆ ಮಾಡಿಸಿದ್ದ: ಸಭೆಯಲ್ಲಿ ಮೇಸ್ತ್ರಿಯ ಮಾತನ್ನು ಯಾರು ಬೀಳಿಸುತ್ತಾರೋ ಅವರೇ ಆ ಸೀಟಿಯನ್ನು ಕೊರಳಿಗೆ ಹಾಕಿಕೊಂಡು ಮುಂದಿನ ಚುನಾವಣೆಯವರೆಗೆ ಮೇಸ್ತ್ರಿಗಿರಿ ಮಾಡಬೇಕು. ಅಲ್ಲಿಗೆ ದೂರುಗಳೆಲ್ಲ ಬಾಯಿ ಮುಚ್ಚಿಕೊಂಡವು. ಆ ಕಟ್ಟಳೆ ಒಮ್ಮೆಯೂ ಬಳಕೆಗೆ ಬಂದಿರಲಿಲ್ಲ, ಜನ ಅದನ್ನು ಮರೆತೇ ಬಿಟ್ಟಿದ್ದರು. ಮಾಡಿಸಿದವನೂ ಮರೆತಿದ್ದ ಎಂದು ಕಾಣುತ್ತದೆ.

ಸಭೆ ಭಾನುವಾರಕ್ಕಿತ್ತು. ಅಲ್ಲಿಯವರೆಗೆ ಗಿರಣಿಯಲ್ಲಿ ಬೇರೆ ಮಾತಿಲ್ಲ. ಹಾಳೆಯ ತೂತುಗಳಿಗೆ ತೇಪೆ ಹಾಕುವ ಹಿಲ್ಯಾ ಲೆಂಪಿಯ ಜೀವದ ಗೆಳತಿ. ಅವಳು ಏಲಕ್ಕಿ ಹಾಕಿದ ಸಿಹಿ ಬ್ರೆಡ್ಡನ್ನು ಮುರಿದು ಅರ್ಧ ಕೊಡುತ್ತ ಹೇಳಿದಳು, "ನೀನು ಮಾಡಿದ್ದು ನೂರಕ್ಕೆ ನೂರು ಸರಿ ಕಣೆ. ಆದ್ರೆ ನಾನು ನಿಂಗೆ ವೋಟು ಹಾಕಲ್ಲ."

"ಸರಿ ಅಂದ್ಮೇಲೆ ಯಾಕೆ ಹಾಕಲ್ಲ?"

"ನನ್ನ ಗಂಡ ಕೆಲ್ಸ ಇಲ್ದೆ ಕೂತಿದ್ದಾಗ ಬಾಗಿಲಿಗೆ ಮೀನು ತಂದಿಟ್ಟು ಹೋಗ್ತಿದ್ದ ಕಣೆ ಆ ಮುದುಕ. ಒಂದಿನಾನೂ ಬಾಗಿಲು ತಟ್ಟಿ ಹೇಳ್ಲಿಲ್ಲ. ಈಗ ಅವನ ಮುಖಕ್ಕೆ ಹೊಡ್ದಂಗೆ ಹೆಂಗೆ ಹಾಕ್ಲಿ?"

"ಗಿರಣಿ ಸುಟ್ಟೋದ್ರೆ?"

"ಇಷ್ಟು ವರ್ಷ ಸುಟ್ಟಿಲ್ವಲ್ಲ."

ಲೆಂಪಿ ತನ್ನ ಪಾಲಿನ ಬ್ರೆಡ್ಡನ್ನು ಹಾಗೇ ಕಾಗದದಲ್ಲಿ ಸುತ್ತಿಟ್ಟಳು. ಶನಿವಾರ ಉಗಿಸ್ನಾನಕ್ಕೆ ಸೌನಾದೊಳಗೆ ಕಾಲಿಟ್ಟರೆ ಅಲ್ಲಿದ್ದ ಹೆಂಗಸರೆಲ್ಲ ಒಮ್ಮೆಲೇ ಮಾತು ನಿಲ್ಲಿಸಿ ಕಾದ ಕಲ್ಲಿನ ಮೇಲೆ ನೀರು ಸುರಿಯತೊಡಗಿದರು. ಅಷ್ಟು ಉಗಿ ಯಾರಿಗೂ ಬೇಕಿರಲಿಲ್ಲ. ಎಲ್ಲರ ಮನಸ್ಸಿನಲ್ಲೂ ಇದ್ದದ್ದು ಅವಳಿಗೆ ಗೊತ್ತಿತ್ತು. ಅಕ್ಸೆಲಿಯ ಋಣ ಒಂದು. ಅವನನ್ನೇ ಕಳಿಸಿದವಳು ನಾಳೆ ನನ್ನನ್ನೂ ಕಳಿಸಿಯಾಳು ಎಂಬ ದಿಗಿಲು ಇನ್ನೊಂದು.

ಭಾನುವಾರ ಫಿನ್ನರ ಸಭಾಭವನ ತುಂಬಿತ್ತು. ಮತ ಹಾಕುವ ಅವರ ಕ್ರಮ ಹಳೆಯದು: ಸುಲಿದ ಹಾಳೆಯ ಚೂರುಗಳು ಎರಡು ಬುಟ್ಟಿಗಳಲ್ಲಿರುತ್ತವೆ, ಮರದ ಹೊರಮೈಯಿಂದ ಬಂದ ಬಿಳಿಯವು, ತಿರುಳಿನಿಂದ ಬಂದ ಕೆಂಪಿನವು. ಮೇಸ್ತ್ರಿಯ ಕಡೆಯಾದರೆ ಬಿಳಿ, ದೂರಿನ ಕಡೆಯಾದರೆ ಕೆಂಪು. ಪರದೆಯ ಹಿಂದೆ ಹೋಗಿ ಸಾಲ್ಮನ್ ಮೀನಿನ ಹಳೇ ಪೀಪಾಯಿಯೊಳಗೆ ಹಾಕಿ ಬರಬೇಕು.

ಅಕ್ಸೆಲಿ ಮೊದಲು ಎದ್ದ. ತಲೆಯ ಮೇಲೆ ಅದೇ ಟೋಪಿ. ಸಭೆಯಲ್ಲೂ ಅವನು ಅದನ್ನು ತೆಗೆಯುತ್ತಿರಲಿಲ್ಲ, ಕಾರಣ ಎಲ್ಲರಿಗೂ ಗೊತ್ತಿದ್ದದ್ದೇ.

"ಹಳೇ ಗಿರಣೀಲಿ ಮೇಸ್ತ್ರಿ ಎದುರಿಗೆ ಬಂದ್ರೆ ಟೋಪಿ ತೆಗೀಬೇಕಿತ್ತು," ಅಂದ. "ನಮ್ಮಪ್ಪ ತೆಗೆದ. ನಾನೂ ತೆಗೆದೆ. ಕೆಮ್ಮಿದ್ರೆ ಮನೆಗ್ ಕಳಿಸ್ತಿದ್ರು, ನಕ್ರೂ ಮನೆಗ್ ಕಳಿಸ್ತಿದ್ರು. ಇನ್ಮೇಲೆ ಯಾರೂ ನನ್ನನ್ನ ಮನೆಗೆ ನಡಿ ಅನ್ಬಾರ್ದು ಅಂತಾನೇ ನಾನು ಈ ಗಿರಣಿಗೆ ಮೈ ಮುರಿದಿದ್ದು. ಅಷ್ಟೇ ನಂದು." ಕೂತುಬಿಟ್ಟ. ಹಿಂದಿನ ಸಾಲಿನಲ್ಲಿ ಯಾರೋ ಮೂಗು ಒರೆಸಿಕೊಂಡರು.

ಲೆಂಪಿ ಎದ್ದಳು. ಹೇಳಬೇಕೆಂದುಕೊಂಡದ್ದೆಲ್ಲ ಮರೆತುಹೋಗಿತ್ತು.

"ಹಳೇ ಮೇಸ್ತ್ರೀನ ಧಣಿ ನೇಮಿಸಿದ್ದ. ನನ್ನನ್ನ ನೀವು ಆರ್ಸಿದ್ರಿ, ಅದೂ ನಾನು ಹಲ್ಲು ಕೀಳಿಸ್ಕೊಳ್ಳೋಕೆ ಹೋಗಿದ್ದಾಗ." ಜನ ನಕ್ಕರು. ಅವಳು ನಗಲಿಲ್ಲ. "ಮಾವ, ಯಾರೂ ಯಾರಿಗೂ ಏನೂ ಹೇಳ್ಬಾರ್ದು ಅಂತ ನೀನು ಇದನ್ನ ಕಟ್ಲಿಲ್ಲ. ಹೇಳೋರು ಯಾರು ಅನ್ನೋದನ್ನ ನಾವೇ ಆರಿಸ್ಬೇಕು ಅಂತ ಕಟ್ಟಿದೆ. ನನ್ನ ಗಂಡನ ದೋಣಿ ಈ ಗಿರಣಿಯೊಳಗಿದೆ. ಒಂದ್ಸಲ ನೀರಲ್ಲಿ ಮುಳುಗಿದ್ದು ಸಾಕು. ಬೆಂಕೀಲಿ ಸುಡೋದನ್ನ ನಾನು ನೋಡಲ್ಲ."

ಒಳ್ಳೆಯ ಮಾತು. ಎಲ್ಲರೂ ತಲೆದೂಗಿದರು, ಎಲ್ಲರೂ ಪರದೆಯ ಹಿಂದೆ ಹೋದರು, ಮುಕ್ಕಾಲು ಪಾಲು ಜನ ಕೆಂಪು ಚೂರು ಹಾಕಿ ಬಂದರು. ರಾಗ್ನರ್ ಪೀಪಾಯಿಯನ್ನು ಮೇಜಿನ ಮೇಲೆ ಬೋರಲು ಹಾಕಿದಾಗ ಎಣಿಸುವ ಅಗತ್ಯವೇ ಬೀಳಲಿಲ್ಲ. ಪ್ರೀತಿಯಿಂದ ಮಾಡುವ ತಪ್ಪಿಗೆ ಮನುಷ್ಯರು ಎಷ್ಟು ಬೇಗ ಒಂದಾಗುತ್ತಾರೆ!

"ಅಕ್ಸೆಲಿ ಗೆದ್ದ," ಅಂದ ರಾಗ್ನರ್. ಚಪ್ಪಾಳೆ ಬಿತ್ತು. ಅದು ಅಡಗುವವರೆಗೂ ಅವನು ಮೊಣಕೈ ಕೆರೆದುಕೊಂಡು ನಿಂತಿದ್ದ. ಆಮೇಲೆ ಮೆಲ್ಲಗೆ ಅಂದ, "ಆದ್ರೆ ಒಂದು ವಿಷ್ಯ. ಸೀಟಿ ಕಟ್ಟಳೆ ಇದೆಯಲ್ಲ."

"ಯಾವ ಕಟ್ಟಳೆ?" ಅಂದ ಅಕ್ಸೆಲಿ.

"ನೀನೇ ಮಾಡ್ಸಿದ್ದು ಮಾರಾಯ. ಗೆದ್ದವನೇ ಮೇಸ್ತ್ರಿ."

ಭವನದ ಮಾಡು ಹಾರಿಹೋಗುವಂತೆ ನಗು. ಮುದುಕನ ಮುಖ ಬಣ್ಣ ಬದಲಾಯಿಸುವುದನ್ನು ನೋಡಿ ಅವನ ಹೆಂಡತಿಯೂ ನಕ್ಕಳು. ಲೆಂಪಿಯೊಬ್ಬಳೇ ನಗದೆ ಮುಂದೆ ಬಂದು ಕೊರಳಿನ ಸೀಟಿ ತೆಗೆದಳು. "ಟೋಪಿ ತೆಗಿಯೋ ಅಕ್ಸೆಲಿ!" ಎಂದು ಯಾರೋ ಕೂಗಿದರು. ಅವನು ತೆಗೆಯಲಿಲ್ಲ. ಸೀಟಿಯ ದಾರ ಟೋಪಿಯ ಮೇಲಿಂದಲೇ ಇಳಿಯಿತು.

ಅಷ್ಟು ದಿನ ಯಾರಿಗೂ ಬೇಡವಾಗಿದ್ದ ಆ ಸೀಟಿ ಕೈಬಿಟ್ಟು ಹೋದಾಗ ಲೆಂಪಿಗೆ ಅಳು ಬಂತು. ಮನೆಗೆ ನಡೆಯುತ್ತ ಅವಳು ಯೋಚಿಸಿದ್ದು ಸೋಲಿನ ಬಗ್ಗೆಯಲ್ಲ. ನಾಳೆಯಿಂದ ಡ್ರೈಯರಿನ ಹತ್ತಿರ ಹೊಗೆ ಸೇದಬೇಡ ಎಂದು ಯಾರು ಯಾರಿಗೆ ಹೇಳುವುದು? ಹೇಳಿದರೆ ಕೇಳುವವರು ಯಾರು?

ಸೋಮವಾರ ಬೆಳಿಗ್ಗೆ ಅವಳು ಹಿಲ್ಯಾಳ ಪಕ್ಕದಲ್ಲಿ ತೇಪೆ ಹಾಕುವ ಮೇಜಿಗೆ ನಿಂತಳು. ಡ್ರೈಯರು ಅಲ್ಲಿಂದ ಚೆನ್ನಾಗಿ ಕಾಣುತ್ತಿತ್ತು. ಅಕ್ಸೆಲಿ ಹೊಸ ಮದುಮಗನ ಹಾಗೆ ಓಡಾಡುತ್ತಿದ್ದ. ಬಾಯಲ್ಲಿ ಪೈಪು, ಎದೆಯ ಮೇಲೆ ಸೀಟಿ. ಬೇಕಾದ್ದಕ್ಕೂ ಬೇಡದ್ದಕ್ಕೂ ಊದುತ್ತಿದ್ದ.

"ನೋಡೆ, ಮುದುಕ ಸೀಟಿ ಜೊತೆ ಹೊಗೇನೂ ಬಿಡ್ತಾವ್ನೆ, ರೈಲಿನ ಹಂಗೆ," ಅಂದಳು ಹಿಲ್ಯಾ.

ಲೆಂಪಿಯ ಕಣ್ಣು ಡ್ರೈಯರಿನ ಇನ್ನೊಂದು ತುದಿಯಲ್ಲಿತ್ತು. ಅಲ್ಲಿ ಒಣಗಿದ ಹಾಳೆ ಎತ್ತುವ ಅರ್ವೊ, ಗಟ್ಟಿಮುಟ್ಟಾದ ಯುವಕ, ಮಾತಿನಲ್ಲಿ ಸ್ವಲ್ಪ ಒರಟ, ಜೇಬಿನಿಂದ ಸಿಗರೇಟು ತೆಗೆದು ಹಚ್ಚಿದ. ಕಡ್ಡಿಯನ್ನು ಕೊಡವಿ ನೆಲಕ್ಕೆ ಹಾಕಿ ಕಾಲಿಂದ ಒರೆಸಿದ. ಅವನ ಕಾಲ ಬಳಿ ಹುಡಿಯ ಗುಪ್ಪೆ. ಬೆಳಗಿನ ಗುಡಿಸುವ ಸರದಿ ಹಂಚುವುದು ಹೊಸ ಮೇಸ್ತ್ರಿಗೆ ಮರೆತುಹೋಗಿತ್ತು.

ಅಕ್ಸೆಲಿಯೂ ನೋಡಿದ. "ಏಯ್ ಅರ್ವೊ! ಆರ್ಸೋ ಅದನ್ನ!"

"ಯಾಕೆ ಅಜ್ಜ?"

"ಯಾಕೆ ಅಂದ್ರೆ? ಕಣ್ಣು ಕಾಣ್ಸಲ್ವಾ? ಹುಡಿ ಬಿದ್ದಿದೆ!"

"ನಿನ್ ಬಾಯಲ್ಲಿ ಉರೀತಿರೋದು ಏನಜ್ಜ, ದೇವ್ರ ದೀಪಾನಾ?" ಅರ್ವೊ ನಕ್ಕ. "ಇದಕ್ಕೆ ಮನೆಗ್ ಕಳ್ಸೋದು ತಪ್ಪು ಅಂತ ನೆನ್ನೆ ಸಭೇಲೇ ತೀರ್ಮಾನ ಆಯ್ತಲ್ಲ. ನಾನೂ ಕೆಂಪೇ ಹಾಕ್ದೆ, ನಿಂಗೋಸ್ಕರ."

ಪಕ್ಕದವನೂ ಒಂದು ಸಿಗರೇಟು ತೆಗೆದ. ಅವನ ಪಕ್ಕದವನು ಜೇಬು ತಡವಿಕೊಂಡ. ಯಾರಿಗೂ ಗಿರಣಿ ಸುಡುವ ಆಸೆಯಿರಲಿಲ್ಲ. ಮುದುಕ ಏನು ಮಾಡುತ್ತಾನೆ ನೋಡೋಣ ಎಂಬ ಕುಚೇಷ್ಟೆ ಅಷ್ಟೆ.

ಲೆಂಪಿ ಕೈಯಲ್ಲಿದ್ದ ತೇಪೆಯನ್ನು ಹಾಗೇ ಹಿಡಿದುಕೊಂಡಳು. ಓಡಿಹೋಗಿ ಎಲ್ಲರ ಬಾಯಿಂದಲೂ ಕಿತ್ತೆಸೆಯಬೇಕೆನಿಸಿತು. ಆದರೆ ಅವಳೀಗ ಮೇಸ್ತ್ರಿಯಲ್ಲ. ಸಭೆಯ ಮಾತು ಅವಳಿಗೂ ಮಾತೇ.

ಅಕ್ಸೆಲಿ ಹುಡಿಯ ಗುಪ್ಪೆಯನ್ನು ನೋಡಿದ. ಅರ್ವೊನ ಸಿಗರೇಟಿನ ತುದಿಯ ಬೂದಿಯನ್ನು ನೋಡಿದ. ಆಮೇಲೆ ಬಾಯಿಂದ ಪೈಪು ತೆಗೆದು, ಮೊದಲ ಸಲ ಕಾಣುವವನಂತೆ ಅದನ್ನೂ ನೋಡಿದ. ಅವನಿಗೆ ಸಿಟ್ಟು ಬಂದದ್ದು ಕುತ್ತಿಗೆ ಕೆಂಪಗಾದದ್ದರಲ್ಲೇ ಗೊತ್ತಾಗುತ್ತಿತ್ತು. ಆದರೆ ಸಿಟ್ಟು ಯಾರ ಮೇಲೆ ಎಂದು ಅವನಿಗೇ ತಿಳಿದಂತೆ ಕಾಣಲಿಲ್ಲ.

ಆಮೇಲೆ ಸೀಟಿ ಊದಿದ, ಉದ್ದಕ್ಕೆ. ಪಟ್ಟಿ ನಿಂತಿತು, ಅಂಟಿನ ಯಂತ್ರವೂ ನಿಂತಿತು. ರಾಗ್ನರ್ ಕೈ ಒರೆಸಿಕೊಳ್ಳುತ್ತ ಓಡಿಬಂದ.

"ಅಕ್ಸೆಲಿ ತಕ್ಕಿನೆನ್!" ಎಂದು ಕೂಗಿದ ಅಕ್ಸೆಲಿ ತಕ್ಕಿನೆನ್. ಜನ ಮುಖ ಮುಖ ನೋಡಿಕೊಂಡರು. "ಡ್ರೈಯರ್ ಹತ್ರ ಪೈಪ್ ಸೇದ್ತಿದೀಯ. ಗೋಡೆ ಮೇಲೆ ಬರ್ದಿರೋದು ನಿಂಗೆ ಕಾಣ್ಸಲ್ವಾ? ಮನೆಗೆ ನಡಿ. ಇವತ್ತಿನ ಕೂಲಿ ಇಲ್ಲ."

ಯಾರೂ ನಗಲಿಲ್ಲ. ನಗಬೇಕೆಂದು ಬಾಯಿ ತೆರೆದಿದ್ದ ಅರ್ವೊ ಕೂಡ ನಗಲಿಲ್ಲ.

"ಅಜ್ಜ, ನೀನೇ ಮೇಸ್ತ್ರಿ," ಅಂದ.

"ಅದಕ್ಕೇ ಕಣೋ. ಮೇಸ್ತ್ರಿ ಕಳ್ಸಿದ್ರೆ ಹೋಗ್ಬೇಕಲ್ಲ." ಮುದುಕ ಡ್ರೈಯರಿನ ಪಕ್ಕದ ನೀರಿನ ಬಕೆಟ್ಟಿಗೆ ಪೈಪು ಅದ್ದಿದ. ಚುಂಯ್ ಎಂದು ಸದ್ದಾಯಿತು. ಅರ್ವೊ ತನ್ನ ಸಿಗರೇಟನ್ನೂ ಅದೇ ಬಕೆಟ್ಟಿಗೆ ಹಾಕಿದ. ಉಳಿದವರು ಜೇಬಿನಿಂದ ಕೈ ತೆಗೆದರು. ಅರ್ವೊ ಒಂದು ಕ್ಷಣ ನಿಂತು ಆಲೋಚಿಸಿ ತನ್ನ ಊಟದ ಡಬ್ಬಿಯನ್ನೂ ಎತ್ತಿಕೊಂಡ. "ಹಂಗಾದ್ರೆ ನಾನೂ ಹೋಗ್ಬೇಕು," ಎಂದು ಗೊಣಗಿದ.

ರಾಗ್ನರ್ ತಬ್ಬಿಬ್ಬಾಗಿ ಕೇಳಿದ, "ನೀನು ಮನೆಗೆ ಹೋದ್ರೆ ಸೀಟಿ ಯಾರಿಗಪ್ಪಾ? ಕಟ್ಟಳೇಲಿ ಅದಿಲ್ವಲ್ಲ."

"ಕಟ್ಟಳೇಲಿ ಇಲ್ದಿದ್ರೆ ಕೇಳು. ಪಾಳಿ ಎಲ್ಲ ಇಲ್ಲೇ ನಿಂತಿದೆ."

ರಾಗ್ನರ್ ಕೇಳಲು ಬಾಯಿ ತೆರೆಯುವ ಮೊದಲೇ ಹಿಲ್ಯಾ ಕೈ ಎತ್ತಿದ್ದಳು. "ಲೆಂಪಿ! ಇವತ್ತು ಅವಳ ಹಲ್ಲೆಲ್ಲ ನೆಟ್ಟಗಿದೆ, ಬೇಡ ಅನ್ನೋದಾದ್ರೆ ಅನ್ಲಿ!" ನಿನ್ನೆ ಕೆಂಪು ಹಾಕಿದ ಕೈಗಳೆಲ್ಲ ಅವಳ ಹಿಂದೆಯೇ ಎದ್ದವು. ಅಂಟು ಮೆತ್ತಿದ ಕೈ, ರಾಳ ಹತ್ತಿದ ಕೈ, ಬೆರಳಿಲ್ಲದ ಕೈ. ಪರದೆಯಿಲ್ಲದೆ, ಒಬ್ಬರನ್ನೊಬ್ಬರು ನೋಡುತ್ತ, ಅಕ್ಸೆಲಿಯ ಕಣ್ಣೆದುರಿಗೇ ಎತ್ತಿದರು. ಲೆಂಪಿಗೆ ಹೆಮ್ಮೆಯಿಂದ ಎದೆ ತುಂಬಿ ಬಂತು, ತನ್ನ ಬಗ್ಗೆ ಅಷ್ಟಲ್ಲ, ಇವರೆಲ್ಲರ ಬಗ್ಗೆ. ಹೊಡೆದು ಬಡಿದು ಮಾಡಿಸುವ ಧಣಿಯೊಬ್ಬನೂ ಇಲ್ಲದ ಜಾಗದಲ್ಲಿ ತಪ್ಪನ್ನು ತಾವೇ ಮಾಡಿ ತಾವೇ ತಿದ್ದಿಕೊಳ್ಳುವವರು ಇವರು, ನನ್ನವರು ಎಂದುಕೊಂಡಳು.

ಅವಳು ಬೇಡ ಅನ್ನಲಿಲ್ಲ.

ಅಕ್ಸೆಲಿ ಸೀಟಿ ಕೊಡಲು ಅವಳ ಮುಂದೆ ಬಂದು ನಿಂತ. ದಾರ ಟೋಪಿಯ ಅಂಚಿಗೆ ಸಿಕ್ಕಿಕೊಂಡಿತು. ಒಮ್ಮೆ ಎಳೆದ, ಬರಲಿಲ್ಲ. ನಿಂತ. ಆಮೇಲೆ ಕೈಯೆತ್ತಿ ಟೋಪಿ ತೆಗೆದ. ಅವನ ತಲೆಯ ಮೇಲಿನ ನಾಲ್ಕು ಬಿಳಿ ಕೂದಲನ್ನು ಗಿರಣಿಯಲ್ಲಿ ಯಾರೂ ಅದುವರೆಗೆ ನೋಡಿರಲಿಲ್ಲ. ಸೀಟಿ ಅವಳ ಕೈಗೆ ಬಂದ ಮೇಲೂ ಅವನು ಟೋಪಿಯನ್ನು ತಿರುಗಿ ಹಾಕಿಕೊಳ್ಳಲಿಲ್ಲ. ಅದನ್ನು ಎದೆಗೆ ಹಿಡಿದುಕೊಂಡೇ ನಿಂತಿದ್ದ.

"ಇದು ನೀನು ತೆಗೆಸಿದ್ದಲ್ಲ ಕಣಮ್ಮಾ," ಅಂದ. "ನಾನಾಗಿ ತೆಗೆದಿದ್ದು."

"ಗೊತ್ತು ಮಾವ."

"ನಾಳೆ ಎಷ್ಟೊತ್ತಿಗೆ ಬರ್ಲಿ, ಮೇಸ್ತ್ರಿ?"

"ಎಲ್ರೂ ಬರೋ ಹೊತ್ತಿಗೇ ಬಾ. ಗುಡಿಸೋ ಸರದಿ ನಿಂದು." ಅವಳು ಸೀಟಿಯನ್ನು ಕೊರಳಿಗೆ ಹಾಕಿಕೊಂಡಳು.

ಮುದುಕ ಮತ್ತು ಅರ್ವೊ ದಿಮ್ಮಿಗಳು ತೇಲುವ ಕೊಳದ ಪಕ್ಕದಲ್ಲಿ ಗೇಟಿನ ಕಡೆಗೆ ನಡೆದರು. ಅವತ್ತು ಅವಳು ಕಳಿಸಿದಾಗ ಅಕ್ಸೆಲಿ ತಲೆ ತಗ್ಗಿಸಿ ಹೋಗಿದ್ದ. ಇವತ್ತು ಬೆನ್ನು ನೆಟ್ಟಗಿತ್ತು, ಟೋಪಿ ಕೈಯಲ್ಲಿತ್ತು. ಅರ್ವೊ ಏನೋ ಕೇಳುತ್ತಿದ್ದ, ಮುದುಕ ಕೈ ಬೀಸಿ ಬೀಸಿ ಗಿರಣಿಯ ಕಡೆ ತೋರಿಸುತ್ತ ಏನೋ ಹೇಳುತ್ತಿದ್ದ. ಲೆಂಪಿ ಮೊದಲು ಪೊರಕೆ ತರಿಸಿ ಹುಡಿ ಗುಡಿಸಿಸಿದಳು. ಆಮೇಲೆ ಸೀಟಿ ಊದಿದಳು. ಪಟ್ಟಿ ಓಡತೊಡಗಿತು.